ಅಡ್ಡ ತಿರುಗಿಸಿದ ಡ್ರ್ಯಾಗನ್

ಮಲ್ಲಿಕಾ,

ತಿಂಗಳಿಂದ ಮುಚ್ಚಿದ್ದ ವಾಸ್ಕೋ ಪೇಟೆಯ ನಮ್ಮ ಅಂಗಡಿಯನ್ನು ಇಂದು ತೆರೆಯಲು ಹೊರಟಿದ್ದೇನೆ. ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಅನ್ನ, ಸಾರು ಒಲೆಯ ಮೇಲಿವೆ. ಇವತ್ತಾದರೂ ಹೊಟ್ಟೆ ತುಂಬ ಉಣ್ಣು.

ನಿನ್ನ ಅಣ್ಣ ಬಸು ಬೈಕಿನಿಂದ ಬಿದ್ದು ತೀರಿಕೊಂಡ ದಿನದಿಂದ ನೀನು ಮಾತೇ ಆಡಿರಲಿಲ್ಲ. ಅದಕ್ಕೇ ನಿನ್ನೆ ಮಧ್ಯಾಹ್ನ ಅವನು ಆಡುತ್ತಿದ್ದ ಮಾಂತ್ರಿಕ ಪ್ರಾಣಿಗಳ ಕಾಳಗದ ಕಾರ್ಡು ಹರಡಿಕೊಂಡು ನಿನ್ನೆದುರು ಕುಳಿತೆ. ಆಟ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಡ್ರ್ಯಾಗನ್ ಕಾರ್ಡನ್ನು ಅಡ್ಡ ತಿರುಗಿಸಿ ದಾಳಿ ಮಾಡಿದೆ. ನಿನ್ನ ಸರದಿಯಲ್ಲಿ ನಿನ್ನ ಪ್ರಾಣಿ ದಾಳಿಗೆ ಬಂದಾಗ, ತಡೆಯಲು ಆ ಡ್ರ್ಯಾಗನ್ ಕಾರ್ಡನ್ನೇ ಮುಂದೆ ಸರಿಸಿದೆ.

"ಅಪ್ಪಾ, ದಾಳಿ ಮಾಡಿದ್ದು ಅಡ್ಡ ಮಲಗಿರತೈತಿ. ಮತ್ತ ನಿನ್ನ ಸರದಿ ಬರೂತನಕ ಅದು ತಡ್ಯಾಂಗಿಲ್ಲ. ಅಣ್ಣ ಯಾವಾಗ್ಲೂ ಒಂದನ್ನ ಹಿಂದ ಕಾಯಾಕ ಇಟ್ಟಿರತಿದ್ದ," ಎಂದು ನೀನು ಹೇಳಿದೆ.

ಅಷ್ಟಕ್ಕೇ ನಿನಗೆ ಅಳು ಬಂತು. ನಾನು ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ. ನಿನ್ನ ಮೇಲಿನ ಸಿಟ್ಟಿನಿಂದಲ್ಲ, ಮಗಳೇ. ನನ್ನ ಕಣ್ಣೀರು ನಿನಗೆ ಕಾಣದಿರಲಿ ಎಂದು.

ನಿಯಮದ ಪುಸ್ತಿಕೆಯನ್ನು ಬೆಳಿಗ್ಗೆ ಓದಿದೆ. ಹೊಸದಾಗಿ ಇಳಿಸಿದ ಪ್ರಾಣಿ ಆ ಸರದಿಯಲ್ಲಿ ದಾಳಿ ಮಾಡುವಂತಿಲ್ಲ, ಆದರೆ ಎದುರಾಳಿಯ ಸರದಿಯಲ್ಲಿ ತಡೆಯಬಹುದಂತೆ. ಹೌದೇನು?

ಕಾರ್ಡುಗಳು ಚಾಪೆಯ ಮೇಲೆ ಹಾಗೇ ಇವೆ, ಎತ್ತಿಡಬೇಡ. ಸಂಜೆ ಐದಕ್ಕೆ ಬರುತ್ತೇನೆ. ನೀನು ಅತ್ತರೂ ಇವತ್ತು ಎದ್ದು ಹೋಗುವುದಿಲ್ಲ.

ಅಪ್ಪ