ಬಲಗಡೆದು ಮುಟ್ಬೇಡ

ಲೋ ಗೂಬೆ,

ನಿನ್ನ ಫೋನನ್ನ ಅಮ್ಮ ಬೀರುವಲ್ಲಿಟ್ಟು ಬೀಗ ಹಾಕಿದಾಳಲ್ಲ, ಅದಕ್ಕೇ ಪೇಪರ್ ಮೇಲೆ ಬರೀತಿದೀನಿ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದೆ, ಸಹಿಸ್ಕೋ.

ಲ್ಯಾಪ್‌ಟಾಪಲ್ಲಿ ಪಾಠ ಕೇಳೋಕೆ ನನ್ನ ಇಯರ್‌ಬಡ್ಸ್ ಮೇಜಿನ ಮೇಲಿಟ್ಟಿದೀನಿ. ಆದಮೇಲೆ ಒರೆಸಿ ಡಬ್ಬಿಲಿಟ್ಟು, ಟಕ್ ಅನ್ನೋ ತನಕ ಮುಚ್ಚು. ಕೀಲಿ ಜೊತೆ ಜೇಬಿಗೆ ತುರುಕಿದ್ರೆ ಚರ್ಮ ಸುಲೀತೀನಿ. ಬಿಸಿಲು ಬೀಳೋ ಕಿಟಕೀಲಿ ಬಿಡ್ಬೇಡ.

ಎಡಗಡೆದು ಮಾತ್ರ ಹಾಕ್ಕೋ. ಬಲಗಡೆದು ಡಬ್ಬಿಲೇ ಇರ್ಲಿ.

ನನ್ನ ಫೋನಲ್ಲಿ ಎರಡರ ಚಾರ್ಜೂ ಬೇರೆ ಬೇರೆ ತೋರಿಸುತ್ತೆ. ಅಮ್ಮ ದಿನಾ ಕದ್ದು ನೋಡ್ತಾಳೆ. ಮೊನ್ನೆ ನೀನು ಎರಡೂ ಹಾಕ್ಕೊಂಡಿದ್ಯಲ್ಲ, ಬಲಗಡೆದರ ಚಾರ್ಜ್ ಇಳಿದಿದ್ದು ನೋಡಿ, ನನ್ನ ಬಲಗಿವಿ ಮತ್ತೆ ಕೇಳ್ತಿದೆ ಅಂದ್ಕೊಂಡ್ಲು. ಪಕ್ಕದ್ಮನೆ ಆಂಟಿಗೂ ಹೇಳ್ಬಂದ್ಲು.

ನಿನ್ನೆ ಆಸ್ಪತ್ರೆಗೆ ನಾನೊಬ್ಳೇ ಹೋಗಿದ್ನಲ್ಲ, ಜ್ವರಕ್ಕೆ ಹೋದ ಕಿವಿ ಇನ್ನು ವಾಪಸ್ ಬರಲ್ಲಮ್ಮ ಅಂದ್ರು ಡಾಕ್ಟ್ರು. ನಾನು ಸರಿ ಸಾರ್ ಅಂದು ಬಸ್ ಹತ್ತಿದೆ. ಅಳುನೂ ಬರ್ಲಿಲ್ಲ, ಏನೂ ಅನ್ನಿಸ್ಲಿಲ್ಲ. ಇವತ್ತೂ ಅಷ್ಟೇ. ಕಾಲೇಜಿಗೆ ಹೊರಟಿದೀನಿ.

ಸಂಜೆ ಬಂದು ಅಮ್ಮಂಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ.

ಹೇಳೋವಾಗ ಪಕ್ಕದಲ್ಲೇ ಇರು. ಎಡಗಡೆ ಕೂತ್ಕೋ.

ಅಕ್ಕ