ಹದಿನಾಲ್ಕನೇ ವಾರ್ಡಿನ ಬಣ್ಣ

ಜೂನ್ 3, ಸೋಮವಾರ

ಇಪ್ಪತ್ತೆರಡು ವಾರ್ಡು, ಇಪ್ಪತ್ತೆರಡು ಸಾಲು. ಮೊದಲ ಕಾಲಂನಲ್ಲಿ ವಾರ್ಡ್ ನಂಬರ್, ಎರಡನೆಯದರಲ್ಲಿ ವಾರದ ವಾಂತಿಭೇದಿ ಕೇಸುಗಳು. ಶೀಟನ್ನು ಮ್ಯಾಪಿಗೆ ಜೋಡಿಸಿ ಐದು ಗುಂಪು ಮಾಡಿದರೆ ಊರು ತಾನಾಗಿ ಕೆಂಪಾಗುತ್ತದೆ. ಕೇಸು ಕಡಿಮೆಯಿದ್ದಲ್ಲಿ ಬೆಳ್ಳಗೆ, ಹೆಚ್ಚಿದ್ದಲ್ಲಿ ಕಡುಗೆಂಪು. ಕಡುಗೆಂಪು ಬಿದ್ದ ಕಡೆಗೆ ಟ್ಯಾಂಕರ್ ನೀರು, ಡಾಕ್ಟರ ತಂಡ ಹೊರಡುತ್ತದೆ. ಉಳಿದವರು ಮುಂದಿನ ಸೋಮವಾರದವರೆಗೆ ಕಾಯಬೇಕು. ನಗರಸಭೆಯ ಆರೋಗ್ಯ ಶಾಖೆಯಲ್ಲಿ ಹನ್ನೊಂದು ವರ್ಷದಿಂದ ನನಗೆ ಇದೇ ಕೆಲಸ.

ಹನ್ನೊಂದನೇ ವಾರ್ಡಿನ ಕೌನ್ಸಿಲರ್ ಬಂದಿದ್ದರು. "ನಮ್ಮದನ್ನ ಸ್ವಲ್ಪ ತೆಳು ಮಾಡಕ್ಕಾಗಲ್ವೇನಮ್ಮ? ನೋಡಿದೋರು ಏನಂತಾರೆ?" "ಬಣ್ಣ ನಂದಲ್ಲ ಸರ್, ನಿಮ್ಮ ಚರಂಡೀದು" ಅಂದೆ. ಮುಖ ಹುಳ್ಳಗೆ ಮಾಡಿಕೊಂಡು ಹೋದರು. ದಿನ ಚೆನ್ನಾಗಿ ಶುರುವಾಯಿತು.

ಸಂಜೆ ಅಕ್ಕನ ಫೋನ್. ಅವಳ ಮನೆ ನಲ್ಲಿಯಲ್ಲಿ ನೀರು ಹಳದಿ ಬರುತ್ತಿದೆಯಂತೆ. ಅಕ್ಕನಿಗೆ ಯಾವಾಗಲೂ ಏನಾದರೊಂದು. ಸುಮ್ಮನೆ ಹೂಂಗುಟ್ಟಿದೆ.

ಜೂನ್ 10, ಸೋಮವಾರ, ಮಧ್ಯಾಹ್ನ 1.50

ಒಂದೇ ಒಂದು ಸೆಲ್ ಖಾಲಿ. ವಾರ್ಡ್ 14 – ಅಕ್ಕನದು. ಅಲ್ಲಿನ ನರ್ಸ್ ಲೆಕ್ಕ ಕಳಿಸಿಲ್ಲ. ಖಾಲಿಯಿದ್ದರೆ ಬೂದು ಬಣ್ಣ ಹಾಕಿ 'ಮಾಹಿತಿ ಇಲ್ಲ' ಅಂತ ಬರೆಯುವುದು ಪದ್ಧತಿ. ಹಾಗೇ ಮಾಡಿ ಸಾಹೇಬರ ಮುಂದಿಟ್ಟೆ.

"ಇದೇನ್ರೀ, ಮ್ಯಾಪಲ್ಲಿ ತೂತು? ಮೇಲಿನೋರು ಮೊದಲು ಇದನ್ನೇ ಕೇಳೋದು. ಫೋನ್ ಮಾಡಿ ನಂಬರ್ ತಗೊಳ್ಳಿ. ಎರಡು ಗಂಟೆಗೆ ಟೇಬಲ್ ಮೇಲಿರ್ಬೇಕು."

ನರ್ಸಿಗೆ ಮೂರು ಸಲ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಊಟದ ಡಬ್ಬಿ ತೆರೆದೇ ಇತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. 0 ಅಂತ ಒತ್ತಿದೆ. ಹೋದ ವಾರ ಅಲ್ಲಿ ಇದ್ದದ್ದು ಎರಡೇ ಕೇಸು. ಎರಡಕ್ಕೂ ಸೊನ್ನೆಗೂ ಮ್ಯಾಪಲ್ಲಿ ಬಣ್ಣ ಒಂದೇ. ಯಾರ ಗಂಟೇನು ಹೋಗುತ್ತದೆ.

ಸಂಜೆ 7

ಮ್ಯಾಪ್ ನೀಟಾಗಿದೆ ಅಂದರು ಸಾಹೇಬರು. ನಾಳೆ ಪೇಪರಿನಲ್ಲೂ ಬರುತ್ತದಂತೆ.

ಅಕ್ಕ ಮತ್ತೆ. "ನಮ್ಮ ಬೀದೀಲಿ ಮನೆಗೊಬ್ಬರು ಮಲಗಿದಾರೆ ಕಣೇ. ನಿಮ್ಮ ಸಾಹೇಬರಿಗೆ ಹೇಳಿ ಒಂದು ಟ್ಯಾಂಕರ್ ಕಳಿಸೇ."

"ನಿಮ್ಮ ವಾರ್ಡಲ್ಲಿ ಸೊನ್ನೆ ಕಣಕ್ಕ. ನಾಳೆ ಪೇಪರ್ ನೋಡು, ನಿನ್ ಥರಾನೇ ಬೆಳ್ಳಗೆ ಹೊಳೀತಿದೆ."

ಅಕ್ಕ ನಕ್ಕಳು. "ಇನ್ನೂ ಕೋಪಾನಾ, ಕಾಡಿಗೆ?"

ಕಾಡಿಗೆ. ನೆಂಟರು ಬಂದರೆ ಅವಳನ್ನು ಮುಂದೆ ಕೂರಿಸುತ್ತಿದ್ದರು, ನನ್ನನ್ನು ನೀರು ತರಲು ಒಳಗೆ ಅಟ್ಟುತ್ತಿದ್ದರು. ನನ್ನ ಕಪ್ಪು ಬಣ್ಣಕ್ಕೆ ಆ ಹೆಸರಿಟ್ಟವಳು ಅವಳೇ, ಏಳು ವರ್ಷದವಳಿದ್ದಾಗ. ಈಗ ಅವಳಿಗೆ ನಲವತ್ತಾರು. ಫೋನ್ ಕಟ್ ಮಾಡಿದೆ. ಸರಿಯಾಗಿ ಚುಚ್ಚಿದೆ ಅನ್ನಿಸಿತು, ಎರಡು ತುತ್ತು ಹೆಚ್ಚೇ ಉಂಡೆ.

ಜೂನ್ 12, ಬುಧವಾರ

ನರ್ಸ್ ಫೋನ್ ಮಾಡಿದಳು. ಧ್ವನಿಯೇ ಇಲ್ಲ. "ಮೇಡಂ, ನಾನೇ ಡ್ರಿಪ್ ಹಾಕ್ಕೊಂಡು ಬಿದ್ದಿದ್ದೆ. ನಮ್ಮ ವಾರ್ಡಲ್ಲಿ ಮೂವತ್ತೊಂದು ಕೇಸಿದೆ. ಬರ್ಕೊಳ್ಳಿ."

ಮೂವತ್ತೊಂದು. ಕಡುಗೆಂಪು ಶುರುವಾಗುವುದೇ ಹತ್ತೊಂಬತ್ತಕ್ಕೆ. ಇಡೀ ಊರಿಗೆ ಮೊದಲನೇ ಸ್ಥಾನ.

ಸಾಹೇಬರ ಬಾಗಿಲವರೆಗೆ ಹೋದೆ. ಪೇಪರಿನಲ್ಲಿ ಬಂದ ಮ್ಯಾಪನ್ನು ಯಾರಿಗೋ ತೋರಿಸುತ್ತಿದ್ದರು. 31 ಅಂದರೆ 0 ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಹಾಗೇ ವಾಪಸ್ ಬಂದು ನರ್ಸಿಗೆ ಫೋನ್ ಮಾಡಿದೆ.

"ಸೋಮವಾರದ ಶೀಟಿಗೆ ಸೇರಿಸ್ತೀನಿ" ಅಂದೆ.

"ಅಲ್ಲೀವರ್ಗೂ?"

"ನೀರು ಕುದಿಸಿ ಕುಡೀರಿ ಅಂತ ಹೇಳಮ್ಮ. ಅದನ್ನೂ ನಾನೇ ಹೇಳ್ಕೊಡಬೇಕಾ?"

ಅಕ್ಕನಿಗಾದರೂ ತಿಳಿಸೋಣವೆಂದು ಫೋನ್ ಕೈಗೆತ್ತಿಕೊಂಡೆ. ತಿಳಿಸಿದರೆ ಮೊನ್ನೆ ಆಡಿದ ಮಾತನ್ನು ನುಂಗಬೇಕು. ಕೆಳಗಿಟ್ಟೆ.

ಜೂನ್ 13

ಅಕ್ಕನದು ಮೂರು ಮಿಸ್ಡ್ ಕಾಲ್. ಕೆಲಸವಿತ್ತು… ಇರಲಿಲ್ಲ. ಫೋನನ್ನು ಬೋರಲು ಹಾಕಿ ಕೂತಿದ್ದೆ.

ಜೂನ್ 14, ಶುಕ್ರವಾರ

ಭಾವ ಆಫೀಸಿಗೇ ಬಂದರು. ಗಡ್ಡ ಕೆರೆದಿಲ್ಲ, ಚಪ್ಪಲಿ ಅದಲು ಬದಲು. ಕೌಂಟರಿನ ಆಚೆ ಬೇರೆಯವರ ಜೊತೆ ಸಾಲಿನಲ್ಲಿ ನಿಂತಿದ್ದರು, ಪಾಪ. ನಾನೇ ಕರೆದೆ.

"ನಿಮ್ಮಕ್ಕ ಎರಡು ದಿನದಿಂದ ಎದ್ದಿಲ್ಲಮ್ಮ. ಆಸ್ಪತ್ರೇಲಿ ಬೆಡ್ ಕೆಂಪು ವಾರ್ಡಿನೋರಿಗೆ ಮೊದಲಂತೆ. ನಿನ್ನ ಮ್ಯಾಪ್ ಗೋಡೆಗೆ ಅಂಟಿಸಿದಾರೆ. ಡಾಕ್ಟ್ರು ಅದರ ಮೇಲೆ ಬೆರಳಿಟ್ಟು, ಹದಿನಾಲ್ಕರಲ್ಲಿ ಏನೂ ಇಲ್ವಲ್ರೀ, ಏನೋ ತಿಂದಿರ್ಬೇಕು ಅಂತ ಪುಡಿ ಕೊಟ್ಟು ಕಳಿಸಿಬಿಟ್ರು. ಒಂದು ಚೀಟಿ ಬರೆದುಕೊಡ್ತೀಯಾ?"

ಸಾಹೇಬರ ರೂಮಿಗೆ ಓಡಿದೆ. 14ರಲ್ಲಿ 31 ಇದೆ ಸರ್ ಅಂದೆ.

"ಮತ್ತೆ ಸೊನ್ನೆ ಅಂದೋರ್ಯಾರು?"

"ನರ್ಸ್ ಸರ್. ಫೋನಲ್ಲಿ ಹೇಳಿದ್ಲು."

ಒಂದು ಕ್ಷಣವೂ ಯೋಚಿಸಲಿಲ್ಲ. ಬಾಯಿಗೆ ತಾನಾಗಿ ಬಂತು. ಸಾಹೇಬರು ಚೀಟಿಗೆ ಸಹಿ ಮಾಡಿದರು, ಇನ್ನೊಂದು ಕಾಗದದಲ್ಲಿ ನರ್ಸಿನ ಹೆಸರು ಬರೆದುಕೊಂಡರು. ಭಾವ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು.

ಜೂನ್ 21, ಶುಕ್ರವಾರ

ಅಕ್ಕ ಹೋದಳು. ಹದಿನಾಲ್ಕನೇ ತಾರೀಕಿನ ಸಂಜೆಯೇ. ಬೆಡ್ ಸಿಕ್ಕಿತ್ತು, ಅದರ ಮೇಲೆ ಮಲಗಿಸುವಷ್ಟರಲ್ಲಿ ಮುಗಿದಿತ್ತು. ನಾನು ಹೋದಾಗ ಅವಳ ಮುಖ ಬಿಳಿಯಾಗಿರಲಿಲ್ಲ. ಬೂದಿಯ ಬಣ್ಣ. ಕಣ್ಣು ಒಳಗೆ ಹೋಗಿದ್ದವು.

ಭಾವ ಎಲ್ಲರ ಮುಂದೆ ನನ್ನ ಕೈ ಹಿಡಿದು ಅತ್ತರು. "ಇವಳೊಬ್ಬಳೇ ಓಡಾಡಿದ್ದು. ಇವಳಿಲ್ಲದಿದ್ರೆ ಬೆಡ್ಡೂ ಸಿಗ್ತಿರಲಿಲ್ಲ." ಕೈ ಬಿಡಿಸಿಕೊಳ್ಳಲಿಲ್ಲ. ಹೌದೆನ್ನುವಂತೆ ತಲೆಯಾಡಿಸಿದೆ ಕೂಡ. ಅಳು ಬಂತು, ಅದು ಸುಳ್ಳಲ್ಲ. ಅವಳ ಫೋನ್ ತೆಗೆದು ನೋಡಿದೆ. ನನ್ನ ನಂಬರನ್ನು 'ಕಾಡಿಗೆ' ಅಂತಲೇ ಇಟ್ಟುಕೊಂಡಿದ್ದಳು. ಹದಿಮೂರರಂದು ಮೂರಲ್ಲ, ಐದು ಸಲ ಮಾಡಿದ್ದಾಳೆ. ಎರಡು ನನಗೆ ಬಂದೇ ಇಲ್ಲ.

ನರ್ಸ್ ಸಸ್ಪೆಂಡ್ ಆಗಿದ್ದಾಳೆ. ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದಳು, ಇನ್ನೂ ಕೈಯಲ್ಲಿ ಸೂಜಿಯ ಪಟ್ಟಿ. "ನಾನು ಸೊನ್ನೆ ಅಂದಿದ್ನಾ ಮೇಡಂ?" ಅಂತ ಮೆಲ್ಲಗೆ ಕೇಳಿದಳು. ಜ್ವರದಲ್ಲಿ ಏನಂದೆನೋ ಅಂತ ಅವಳಿಗೇ ಅನುಮಾನ ಬಂದಹಾಗಿತ್ತು.

"ಅಂದೆ" ಅಂದೆ.

ಜೂನ್ 24, ಸೋಮವಾರ, ಬೆಳಿಗ್ಗೆ 10.30

ಈ ವಾರ ಇಡೀ ತಿಂಗಳ ಸಾವಿನ ಮ್ಯಾಪ್ ಬೇಕಂತೆ. ಗುಂಪುಗಳನ್ನು ಸಾಹೇಬರೇ ಬರೆದುಕೊಟ್ಟಿದ್ದಾರೆ: 0–2, 3–5, 6–8… ಹೀಗೆ. ಜನ ಗಾಬರಿಯಾಗಬಾರದು.

ಶೀಟಿನಲ್ಲಿ ಹೆಸರಿಲ್ಲ. ವಾರ್ಡ್ 14, ಹೆಣ್ಣು, 46. ಒಟ್ಟು: 1.

ಮ್ಯಾಪಿಗೆ ಜೋಡಿಸಿದೆ. ಹದಿನಾಲ್ಕು ಬೆಳ್ಳಗೆ ಬಂತು. ಸೇವ್ ಆಗಿಲ್ಲವೇನೋ ಅಂತ ನೋಡಿದೆ. ಆಗಿದೆ. 1 ಅಂತಲೇ ಇದೆ. ಅಳಿಸಿ 0 ಹಾಕಿದೆ – ಅದೇ ಬೆಳ್ಳಗೆ. ಮತ್ತೆ 1. ಅದೇ.

ಸಾಹೇಬರ ಹತ್ತಿರ ಹೋದೆ. "ಸರ್, ಒಂದರಿಂದಲೇ ಬೇರೆ ಬಣ್ಣ ಶುರು ಮಾಡ್ಲಾ?"

ತಲೆಯೆತ್ತದೆ ಅಂದರು, "ಒಂದಕ್ಕೆಲ್ಲ ಯಾಕ್ರೀ ಬಣ್ಣ?"

10.55

ಬಾಗಿಲು ಹಾಕಿಕೊಂಡು ನಾನೇ ಬದಲಿಸುತ್ತಿದ್ದೇನೆ. ಮೊದಲ ಗುಂಪು 0ಯಿಂದ 0. ಎರಡನೆಯದು 1ರಿಂದ 1. ಅದರಲ್ಲಿ ಬೀಳುವುದು ಹದಿನಾಲ್ಕು ಮಾತ್ರ. ಬಣ್ಣ ಆರಿಸು ಅಂತ ಕೇಳುತ್ತಿದೆ. ಸಾಲು ಸಾಲು ಚೌಕ, ಬಿಳಿಯಿಂದ ಕಪ್ಪಿನವರೆಗೆ. ಅಕ್ಕನಿಗೆ ಯಾವ ಬಣ್ಣ ಹಾಕಲಿ?