ತುರೊವೊ: ಮನೆ ಆರು, ಜನ ಸೊನ್ನೆ

ನವೆಂಬರ್ 2, ಶನಿವಾರ

ಈ ಡೈರಿಯಲ್ಲಾದರೂ ಬರೆದುಬಿಡುತ್ತೇನೆ. ತುರೊವೊಗೆ ನಾನು ಹೋಗಿರಲೇ ಇಲ್ಲ.

ಹೋದ ವರ್ಷ ಏಪ್ರಿಲ್. ಗಣತಿ ಪುಸ್ತಕ ಹಿಡಿದು ನಮ್ಮ ಗ್ರಾಮ ಸೋವಿಯೆತ್ತಿನ, ಅಂದರೆ ಪಂಚಾಯಿತಿಯ, ಹದಿನಾಲ್ಕು ಹಳ್ಳಿ ಸುತ್ತಬೇಕಿತ್ತು. ಮನೆಗೆ ಜನ ಎಷ್ಟು, ಹಸು ಎಷ್ಟು, ಕೋಳಿ ಎಷ್ಟು... ಹದಿಮೂರು ಸುತ್ತಿದೆ. ಕೊನೆಯದು ತುರೊವೊ, ಕಿಮ ನದಿಯ ಆಚೆ. ಹೆಪ್ಪುಗಟ್ಟಿದ್ದ ನದಿ ಒಡೆದು ಹರಿಯುತ್ತಿತ್ತು. ದೋಣಿ ಇಲ್ಲ. ದಡದಲ್ಲಿ ಸ್ವಲ್ಪ ಹೊತ್ತು ನಿಂತೆ. ಅಲ್ಲಿ ಯಾರೂ ಉಳಿದಿಲ್ಲ ಎಂದು ಮೀನು ಹಿಡಿಯುವವನೊಬ್ಬ ಹೇಳಿದ. ಆಫೀಸಿಗೆ ಬಂದು ಒಲೆ ಪಕ್ಕ ಕೂತು ಬರೆದೆ — ಮನೆ ಆರು, ಜನ ಸೊನ್ನೆ. ಈ ವರ್ಷ ಅದನ್ನೇ ನಕಲು ಮಾಡಿದೆ.

ಸ್ಕೂಲಿನಲ್ಲಿ ಮಾಡದ ತಪ್ಪಿಗೆ ಕ್ಷಮೆ ಕೇಳೆಂದರು, ಕೇಳಲಿಲ್ಲ, ಹತ್ತನೇ ತರಗತಿ ಬಿಟ್ಟು ಬಂದೆ. ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಇದನ್ನು ಯಾರಿಗೂ ಹೇಳಿಲ್ಲ.

ನವೆಂಬರ್ 5

ಪತ್ರ ಬಂತು. ಹೊಸ ವರ್ಷದಿಂದ ನಮ್ಮ ಸೋವಿಯೆತ್ ರದ್ದು. ಹಳ್ಳಿಗಳೆಲ್ಲ ಜಿಲ್ಲಾ ಕೇಂದ್ರದ ಆಫೀಸಿಗೆ. ಎರಡು ವರ್ಷ ಸೊನ್ನೆ ಇರುವ ಹಳ್ಳಿ ಪಟ್ಟಿಯಿಂದ ಹೊರಗೆ. ಡಿಸೆಂಬರಿನಲ್ಲಿ ಅಲ್ಲಿನ ಕರೆಂಟ್ ಕಂಬ ಕೀಳುತ್ತಾರೆ. ಅಧ್ಯಕ್ಷೆ ನೋನ್ನ ಅರ್ಕಾದ್ಯೆವ್ನ ಲಿಸ್ಟು ಓದಿದರು. ಅಂಥದ್ದು ತುರೊವೊ ಒಂದೇ. ಕೇಂದ್ರದಲ್ಲಿ ನನಗೊಂದು ಗುಮಾಸ್ತೆ ಕೆಲಸ ಮಾತಾಡಿಟ್ಟಿದ್ದಾರಂತೆ. ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಕಾರ್ಖಾನೆ ಶಿಫ್ಟಿನಲ್ಲಿರಬೇಕು.

ಬ್ರೆಡ್ ವ್ಯಾನಿನ ಗ್ಲೇಬ್ ಬಂದ. ತುರೊವೊ ಕಡೆ ಹೊಗೆ ಕಂಡನಂತೆ.

"ದೆವ್ವಗಳಿಗೂ ಚಳಿ ಆಗತ್ತೆ ನೋಡು," ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ನವೆಂಬರ್ 13

ಕಿಮ ಇನ್ನೂ ಗಟ್ಟಿಯಾಗಿಲ್ಲ. ಕಾಲಿಟ್ಟರೆ ಬಿರಿಯುತ್ತದಂತೆ. ನಾನೇ ಹೋಗಿ ನೋಡಿಲ್ಲ.

ನವೆಂಬರ್ 24, ಭಾನುವಾರ, ಸಂಜೆ

ದಾಟಿದೆ. ಐದು ಮನೆಗಳ ಕಿಟಕಿಗೆ ಹಲಗೆ ಬಡಿದಿದೆ. ಆರನೆಯದರ ಮೆಟ್ಟಿಲ ಮೇಲೆ ಹಿಮ ಇಲ್ಲ. ಯಾರೋ ಗುಡಿಸಿದ್ದಾರೆ.

ಲುಕ್ಯಾನ್ ತಾತ. ಎಪ್ಪತ್ತೊಂದು. ಸೈನ್ಯದಲ್ಲಿದ್ದ ಎರಡು ವರ್ಷ ಬಿಟ್ಟರೆ ತುರೊವೊ ಬಿಟ್ಟಿಲ್ಲ. ಸೊನ್ನೆ ಬರೆದ ಮೇಲೆ ಬ್ರೆಡ್ ವ್ಯಾನು ಎದುರು ದಡಕ್ಕೆ ಬರುವುದು ನಿಂತಿದೆ. ಕಾಡಿನಾಚೆಯ ರೈಲು ನಿಲ್ದಾಣಕ್ಕೆ ನಡೆದುಹೋಗಿ ಪಿಂಚಣಿ ತರುತ್ತಾನೆ, ಹಿಟ್ಟು ಹೊತ್ತು ತರುತ್ತಾನೆ. ಯಾಕೆ ದೂರು ಕೊಡಲಿಲ್ಲ ಎಂದೆ. ನಿಂತರೆ ನಿಂತಿತು, ಯಾರನ್ನು ಕೇಳುವುದು ಎಂದ. ಚಹಾ ಬಸಿದ. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದ.

"ಹೋದ ವರ್ಷ ನದಿ ಒಡೆಯೋ ಹೊತ್ತಲ್ಲಿ ಒಬ್ಬಳು ಹುಡುಗಿ ಬಂದಿದ್ಲು. ಆ ದಡದಲ್ಲಿ, ಚೀಲ ತಬ್ಕೊಂಡು ನಿಂತಿದ್ಲು. ಪುಸ್ತಕದವಳು ಅಂತ ಗೊತ್ತಾಯ್ತು. ಒಳಗೆ ಹೋಗಿ ಒಗೆದ ಅಂಗಿ ಹಾಕ್ಕೊಂಡೆ, ಚಹಾಕ್ಕೆ ಸಮೊವಾರ್ ಹಚ್ಚಿದೆ. ಹೊರಗೆ ಬರೋಷ್ಟರಲ್ಲಿ ಇರ್ಲಿಲ್ಲ."

"ಅದು ನಾನೇ, ತಾತ."

"ಗೊತ್ತು ಮಗಳೇ. ಸಕ್ಕರೆ ಹಾಕ್ಕೋ."

ಎಲ್ಲ ಹೇಳಿದೆ. ಸೊನ್ನೆ ಬರೆದದ್ದು, ಪಟ್ಟಿ, ಕಂಬ. ಲೋಟ ಕೆಳಗಿಟ್ಟ.

"ಯಾವತ್ತು ಬರ್ತಾರೆ ಅವರು? ಕಂಬದ ಬುಡದಲ್ಲೇ ಸೌದೆ ಒಟ್ಟಿದೀನಿ. ಎತ್ತಿಡ್ಬೇಕಲ್ಲ."

ಬೈದಿದ್ದರೆ ನಡೆದುಬರುವುದು ಸುಲಭವಾಗುತ್ತಿತ್ತು.

ನವೆಂಬರ್ 25

ನೋನ್ನ ಅರ್ಕಾದ್ಯೆವ್ನಗೆ ಹೇಳಿದೆ. ಎದ್ದು ಬಾಗಿಲು ಹಾಕಿದರು. ಆ ಪುಟದ ಕೆಳಗೆ ಅವರ ಸಹಿಯೂ ಇದೆ.

"ಆ ಮುದುಕ ಈ ವರ್ಷ ಗಣತಿ ಆದ್ಮೇಲೆ ಬಂದ ಅಂತ ಬರಿ, ತೈಸಿಯ. ಹಳ್ಳಿ ಹೇಗೂ ಹೋಗತ್ತೆ, ಅವನಿಗೆ ಕೇಂದ್ರದಲ್ಲಿ ಒಂದು ಕೋಣೆ ಕೊಡ್ತಾರೆ. ಬೆಚ್ಚಗಿರ್ತಾನೆ. ನಿನ್ನ ಕೆಲಸಾನೂ ಉಳಿಯತ್ತೆ."

"ಅವರು ಈ ವರ್ಷ ಬಂದಿದ್ದಲ್ಲ."

"ಹಟಮಾರಿ. ಸ್ಕೂಲಲ್ಲೂ ಹೀಗೇ ಮಾಡಿದ್ದೆ."

"ಅಲ್ಲಿ ನಾನು ತಪ್ಪು ಮಾಡಿರ್ಲಿಲ್ಲ. ಇಲ್ಲಿ ಮಾಡಿದೀನಿ."

ಎರಡು ಹಾಳೆ ಬರೆದುಕೊಟ್ಟೆ. ಹೋಗಿರಲಿಲ್ಲ, ಕೂತು ಬರೆದೆ, ಅವನು ಅಲ್ಲೇ ಇದ್ದ. ಅವರು ಎರಡು ಸಲ ಓದಿದರು. ಸೀಲು ಹಾಕಿದರು. ನನ್ನ ಮುಖ ನೋಡಲಿಲ್ಲ.

ಡಿಸೆಂಬರ್ 12

ಕೇಂದ್ರದಿಂದ ಉತ್ತರ. ತುರೊವೊ ಪಟ್ಟಿಯಲ್ಲಿ ಉಳಿಯಿತು. ಕಂಬ ಕೀಳುವುದಿಲ್ಲ. ಗುರುವಾರ ಗುರುವಾರ ವ್ಯಾನು ಹೋಗಬೇಕು. ಗುಮಾಸ್ತೆ ಕೆಲಸ ನನಗಿಲ್ಲ.

ಹದಿನಾಲ್ಕು ಹಳ್ಳಿಗಳ ಪುಸ್ತಕವನ್ನೂ ಮತ್ತೆ ತಪಾಸಣೆ ಮಾಡುತ್ತಾರಂತೆ. ಆಫೀಸಿನವರಿಗೆಲ್ಲ ಹಿಮದಲ್ಲಿ ಓಡಾಟ. ಚಹಾ ಹೊತ್ತಿಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಸರಿಯೇ. ಪಕ್ಕದ ಕೋಣೆಗೆ ಬಂದು ಒಬ್ಬಳೇ ಕುಡಿಯುತ್ತೇನೆ. ಗೋಡೆಯಾಚೆ ಅವರ ಚಮಚಗಳ ಸದ್ದು ಕೇಳಿಸುತ್ತದೆ.

ಡಿಸೆಂಬರ್ 27

ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದ್ದಾಯಿತು. ಅದಕ್ಕೂ ಮೊದಲು ನಮ್ಮ ಹಳ್ಳಿಯ ಪುಟ ತೆಗೆದೆ. ತೈಸಿಯ ಕೊರೊಬೊವಾ, ಹತ್ತೊಂಬತ್ತು, ಒಂಟಿ. ಕೊನೆಯ ಅಂಕಣದಲ್ಲಿ "ಹೊರಟುಹೋದರು" ಎಂದು ನಾನೇ ತುಂಬಿದೆ. ಕೆಳಗಿನ ಮೊತ್ತ ತಿದ್ದಿದೆ. ನಲವತ್ತೊಂದಿತ್ತು, ನಲವತ್ತು.

ಅಮ್ಮನ ಕಾರ್ಖಾನೆಯ ಹಾಸ್ಟೆಲಿನಲ್ಲಿ ಒಂದು ಮಂಚ ಖಾಲಿ ಇದೆಯಂತೆ.

ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಡುತ್ತೇನೆ.